ಕಪ್ಪೆಯಿಲ್ಲದೆ ಕಪ್ಪೆಯ ಪಾಠ: ನನ್ನ ಅನುಭವ

ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಮಗೆ ಅಂಗಛೇದನವನ್ನು, ಅಂದರೆ ಪ್ರಾಣಿಯನ್ನು ಕೊಯ್ದು ಒಳಗಿನ ಅಂಗಗಳನ್ನು ನೋಡುವ ಪಾಠವನ್ನು, ಕೈಬಿಡಬೇಕೆಂಬ ಮಾತು ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ (ಯುಜಿಸಿ) ಮೊದಲು ಬಂದದ್ದು 2011ರ ಮಾರ್ಗಸೂಚಿಯಲ್ಲಿ. 2014ರಲ್ಲಿ ಅದು ಇನ್ನಷ್ಟು ಖಚಿತವಾಯಿತು. ಆದರೆ ಪುಸ್ತಕ, ಮಾದರಿ, ಚಲನಚಿತ್ರಗಳಂತಹ ಬೋಧನ ಸಾಧನಗಳು ಸಾಕಾಗುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ಸೆಕ್ಷನ್ನೇ ಹೇಳಿತ್ತು ಎಂಬುದನ್ನು ನಾವು ಹೆಚ್ಚಿನವರು ಗಮನಿಸಿರಲಿಲ್ಲ.

ಕಂಪ್ಯೂಟರಿನಲ್ಲಿ ಛೇದನ ಕಲಿಸುವ ಪ್ರಯತ್ನವೂ ಹೊಸದಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದು ಕಪ್ಪೆಯನ್ನು ತೆಳ್ಳನೆಯ ಪದರಗಳಾಗಿ ಕೊಯ್ದು, ಪ್ರತಿ ಪದರದ ಚಿತ್ರ ತೆಗೆದು, ಅವನ್ನೆಲ್ಲ ಮತ್ತೆ ಜೋಡಿಸಿ, ಯಾರು ಬೇಕಾದರೂ ತಿರುಗಿಸಿ ನೋಡಬಹುದಾದ ಕಪ್ಪೆಯನ್ನು 1994ರಲ್ಲೇ ಅಂತರ್ಜಾಲಕ್ಕೆ ಏರಿಸಿದ್ದರು. ಆಮೇಲೆ ಬಂದ ಇಂತಹ ಎಷ್ಟೋ ಪಾಠಗಳು ಫ್ಲ್ಯಾಶ್ ತಂತ್ರಾಂಶವನ್ನು ನೆಚ್ಚಿಕೊಂಡಿದ್ದವು. 2020ರ ಕೊನೆಗೆ ಅಡೋಬ್ ಅದಕ್ಕೆ ಬೆಂಬಲ ನಿಲ್ಲಿಸಿದಾಗ ಅವು ತೆರೆಯದಾದವು. ಹಾಗಾಗಿ ನಾನು ಯಾವ ಸಾಧನವನ್ನು ಆರಿಸಿದರೂ ಅದು ಸಾಮಾನ್ಯ ಬ್ರೌಸರಿನಲ್ಲಿ ಓಡುತ್ತದೆಯೇ, ಇಳಿಸಿಟ್ಟುಕೊಳ್ಳಬಹುದೇ ಎಂದು ಮೊದಲು ನೋಡುತ್ತೇನೆ. ಮಧ್ಯಾಹ್ನದ ಪ್ರಾಯೋಗಿಕ ತರಗತಿಯ ಹೊತ್ತಿಗೇ ನೆಟ್ ಕೈಕೊಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಪರದೆಯ ಮೇಲಿನ ಛೇದನಕ್ಕೆ ಒಂದು ದೊಡ್ಡ ಕೊರತೆಯಿದೆ: ಅಲ್ಲಿ ಕತ್ತರಿ ತಪ್ಪುವುದೇ ಇಲ್ಲ. ನಿಜವಾದ ಕಪ್ಪೆಯ ಹೊಟ್ಟೆಯ ಸ್ನಾಯುವಿನ ಒಳಬದಿಯಲ್ಲಿ, ಸರಿಯಾಗಿ ನಡುಗೆರೆಯಲ್ಲೇ, ಒಂದು ದಪ್ಪ ಅಭಿಧಮನಿ ಹಾದುಹೋಗುತ್ತದೆ. ಅದನ್ನು ಉಳಿಸಿಕೊಳ್ಳಲೆಂದೇ ನಾವು ನಡುಗೆರೆಯಿಂದ ತುಸು ಪಕ್ಕಕ್ಕೆ ಸರಿದು ಕೊಯ್ಯುತ್ತಿದ್ದೆವು. ಕತ್ತರಿ ಅದಕ್ಕೆ ತಗುಲಿದರೆ ರಕ್ತ ಹರಡಿ ಮುಂದಿನದೇನೂ ಕಾಣುತ್ತಿರಲಿಲ್ಲ. ಪರದೆಯಲ್ಲಿ ಮೌಸ್ ಒತ್ತಿದರೆ ಚರ್ಮವೂ ಸ್ನಾಯುವೂ ಕಿಟಕಿಯ ಬಟ್ಟೆ ಸರಿಸಿದಷ್ಟು ಸಲೀಸಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ನಾನು ಅಲ್ಲಿಯೇ ತಡೆದು, "ಕತ್ತರಿಯನ್ನು ನಟ್ಟನಡುವೆ ಓಡಿಸಿದ್ದರೆ ಏನಾಗುತ್ತಿತ್ತು?" ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಮುಂದಿನ ಹಂತ ಇಲ್ಲ.

ಬಣ್ಣಗಳದ್ದೂ ಇಂತಹದೇ ತೊಂದರೆ. ತಂತ್ರಾಂಶದವರು ಮೇದೋಜೀರಕ ಗ್ರಂಥಿಗೆ ಒಂದು ಢಾಳಾದ ಬಣ್ಣ ಬಳಿದಿರುತ್ತಾರೆ. ಜಠರಕ್ಕೂ ಸಣ್ಣಕರುಳಿನ ಮೊದಲ ಭಾಗಕ್ಕೂ ನಡುವಿನ ಮಡಿಕೆಯಲ್ಲಿ ಮಂಕಾಗಿ ಅಡಗಿರುವ ಅದನ್ನು ಹುಡುಕುವ ಕಷ್ಟವೇ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಇದಕ್ಕೆ ನಮ್ಮ ವಿಭಾಗದ ಕಪಾಟಿನಲ್ಲಿದ್ದ ಹಳೆಯ ಗಾಜಿನ ಜಾಡಿಗಳು ಒದಗಿಬಂದವು. ಫಾರ್ಮಲಿನ್‌ನಲ್ಲಿ ಬಿಳಿಚಿಕೊಂಡ, ಹಿಂದೆಂದೋ ಛೇದಿಸಿಟ್ಟ ಕಪ್ಪೆಯನ್ನು ಪರದೆಯ ಪಕ್ಕದಲ್ಲಿಟ್ಟು, ಎರಡನ್ನೂ ಹೋಲಿಸಿ ಗುರುತಿಸಲು ಹೇಳುತ್ತೇನೆ. ಬಣ್ಣವಿಲ್ಲದ ಅಂಗವನ್ನು ಅದರ ಜಾಗದಿಂದಲೇ ಗುರುತಿಸಬಲ್ಲವನಿಗೆ ಪಾಠ ಹತ್ತಿದೆ ಎಂಬುದು ನನ್ನ ಲೆಕ್ಕ.

ಕ್ಲಿಕ್ಕಿಸುವ ಮೊದಲು ಚಿತ್ರ ಬರೆಯಬೇಕೆಂಬುದು ನಮ್ಮ ತರಗತಿಯ ಕಟ್ಟುನಿಟ್ಟಾದ ನಿಯಮ. ಹೃದಯದ ಹಂತಕ್ಕೆ ಬಂದಾಗ ಎರಡು ಹೃತ್ಕರ್ಣ, ಒಂದು ಹೃತ್ಕುಕ್ಷಿ, ಅವುಗಳಿಗೆ ಸೇರುವ ಮತ್ತು ಹೊರಡುವ ನಾಳಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಊಹಿಸಿ ಬರೆದು, ಬಳಿಕ ಪರದೆಯಲ್ಲಿ ಹೃದಯವನ್ನು ಹಿಂದುಮುಂದಾಗಿ ತಿರುಗಿಸಿ ತಿದ್ದಿಕೊಳ್ಳುತ್ತಾರೆ. ಬೆನ್ನಿನ ಬದಿಯಲ್ಲಿರುವ, ಅಭಿಧಮನಿಗಳು ಬಂದು ಸೇರುವ ಚೀಲದಂತಹ ಅಭಿಧಮನಿ ಕೋಶವನ್ನು (ಸೈನಸ್ ವೆನೋಸಸ್) ಬಹುಪಾಲು ಮಂದಿ ಮರೆತಿರುತ್ತಾರೆ. ಹೃದಯವನ್ನು ಹೀಗೆ ಎಲ್ಲ ಬದಿಯಿಂದಲೂ ತಿರುಗಿಸಿ, ಬೇಕೆಂದಾಗ ಮತ್ತೆ ಮೊದಲಿನಂತೆ ಇಡುವ ಸೌಲಭ್ಯ ನಾವು ಕಪ್ಪೆ ಕೊಯ್ಯುತ್ತಿದ್ದ ಮೇಣದ ತಟ್ಟೆಯಲ್ಲಿ ಎಂದೂ ಇರಲಿಲ್ಲ. ಈ ಒಂದು ವಿಷಯದಲ್ಲಿ ತಂತ್ರಾಂಶವೇ ಮೇಲು.

ಕೈಯ ಕೌಶಲವನ್ನು ಮಾತ್ರ ಪರದೆ ಕಲಿಸದು. ಅದಕ್ಕಾಗಿ ಮೀನಿನ ಅಂಗಡಿಯವರು ಎಸೆಯುವ ತಲೆಗಳನ್ನು ಕೇಳಿ ತರುತ್ತೇನೆ. ಕಿವಿರಿನ ಮುಚ್ಚಳ ಎತ್ತಿ, ಒಂದೊಂದು ಬದಿಯ ನಾಲ್ಕು ಕಿವಿರು ಕಮಾನುಗಳನ್ನು ಹರಿಯದಂತೆ ಬಿಡಿಸಿ ನೀರಿನಲ್ಲಿ ತೇಲಿಸುವಾಗ ಚಿಮಟ ಹಿಡಿಯುವ ಹದ ತಾನಾಗಿ ಬರುತ್ತದೆ. ವಾಸನೆಗೆ ಮೂಗು ಮುಚ್ಚಿಕೊಂಡವರೂ ಸ್ವಲ್ಪ ಹೊತ್ತಿಗೆ ಬಗ್ಗಿ ನೋಡತೊಡಗುತ್ತಾರೆ. ಆಂತರಿಕ ಪರೀಕ್ಷೆಯಲ್ಲಿ ಹೆಸರುಗಳನ್ನು ಅಳಿಸಿದ ಪರದೆಯ ಚಿತ್ರವೊಂದನ್ನೂ ಜಾಡಿಯೊಂದನ್ನೂ ಒಟ್ಟಿಗೆ ಇಡುತ್ತೇನೆ, ಮತ್ತು ಚಿತ್ರದಲ್ಲಿ ಸರಿಯಾಗಿ ಗುರುತಿಸಿದ ಅಂಗವನ್ನು ಜಾಡಿಯಲ್ಲೂ ತೋರಿಸಿದರೆ ಮಾತ್ರ ಪೂರ್ಣ ಅಂಕ ಕೊಡುತ್ತೇನೆ.