ಮರಿಗಿಂತ ಮೊದಲು ತಾಯಿಯನ್ನು ನೋಡಿ: ಗಂಗಾವತಿಯಲ್ಲಿ ನಾಯಿ ಹುಡುಕಿದ ನನ್ನ ಅನುಭವ

ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ನಾಯಿಮರಿ ಬೇಕು ಅಂದರೆ ಮೊದಲು ಬರುವುದು ವಾಟ್ಸಾಪ್‌ನಲ್ಲಿ ಒಂದು ಫೋಟೊ, ಕೆಳಗೆ ಒಂದು ರೇಟು. ಫೋಟೊ ಕಳಿಸಿದವರಿಗೆ ನಾನು ಕೇಳುವುದು ಒಂದೇ ಮಾತು: ತಾಯಿ ಇರುವ ಜಾಗಕ್ಕೇ ಬಂದು ನೋಡಬಹುದಾ? "ತಾಯಿ ತ್ವಾಟದಾಗ ಐತ್ರಿ, ಮರೀನ ಬಸ್ ಸ್ಟ್ಯಾಂಡಿಗೆ ತಂದು ಕೊಡ್ತೀವಿ" ಅಂದರೆ ಅಲ್ಲಿಗೇ ಬಿಡುತ್ತೇನೆ.

ಹೋದಾಗ ಮರಿಯನ್ನು ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡರೆ ಮನಸ್ಸು ಅಲ್ಲೇ ಸೋಲುತ್ತದೆ. ಮೊದಲು ತಾಯಿಯ ಹೊಟ್ಟೆ ನೋಡುತ್ತೇನೆ. ಎಂಟು ವಾರದ ಮರಿಗಳ ತಾಯಿಗೆ ಮೊಲೆ ಇನ್ನೂ ಜೋತಿರುತ್ತದೆ, ಸುತ್ತ ಮರಿಗಳ ಉಗುರು ಪರಚಿದ ಸಣ್ಣ ಗೆರೆಗಳಿರುತ್ತವೆ. ಬೇರೆ ನಾಯಿಯನ್ನು ತಾಯಿ ಎಂದು ತೋರಿಸಿದ್ದರೆ ಇಲ್ಲಿ ಗೊತ್ತಾಗುತ್ತದೆ. ಮರಿಗಳನ್ನು ಕಂಡು ಅದು ಗುರ್ರೆಂದರೆ ತಪ್ಪು ತಿಳಿಯಬೇಡಿ, ಹಾಲು ಬಿಡಿಸುವ ಹೊತ್ತಿಗೆ ಸ್ವಂತ ತಾಯಿಯೂ ಹಾಗೆ ಮಾಡುತ್ತದೆ. ಪಕ್ಕೆಲುಬು ಎದ್ದಿದೆಯೇ, ಮೊಣಕೈ ಜಡ್ಡುಗಟ್ಟಿದೆಯೇ, ಕಿವಿಯೊಳಗೆ ಉಣ್ಣೆಹುಳು ಇವೆಯೇ ಎಂದೂ ನೋಡಿ. ಸಿಮೆಂಟ್ ನೆಲದ ಮೇಲೆ ಕಟ್ಟಿಹಾಕಿ ಬರೀ ಮರಿ ಹಾಕಿಸುವ ನಾಯಿಯ ಮೈ ಅದನ್ನೆಲ್ಲ ಹೇಳುತ್ತದೆ.

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ತಾಯಿಗೆ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಮರಿಗೆ ಮೈಕ್ರೋಚಿಪ್ ಹಾಕಿಸಿರಬೇಕು. ನೋಂದಣಿ ಪತ್ರ ಕೇಳಿ. "ಕೆಸಿಐ ಪೇಪರ್ ಐತಿ" ಎನ್ನುವುದು ಅದಕ್ಕೆ ಉತ್ತರವಲ್ಲ. ಅದು ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿ ಅಷ್ಟೇ.

ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಆದರೂ 30 ದಿನದ ಮರಿಯನ್ನು "ಎರಡು ತಿಂಗಳು" ಎಂದು ಕೊಡುವವರಿದ್ದಾರೆ. ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ. ಮರಿಯ ತುಟಿ ಪಕ್ಕಕ್ಕೆ ಎಳೆದು, ಕೋರೆಹಲ್ಲಿನ ಹಿಂದೆ ಬೆರಳಾಡಿಸಿ. ಎಂಟು ವಾರದ ಮರಿಗೆ 28 ಹಾಲುಹಲ್ಲು ಸಾಮಾನ್ಯವಾಗಿ ಪೂರ್ತಿ ಬಂದಿರುತ್ತವೆ. ದವಡೆ ಇನ್ನೂ ಬರಿದಾಗಿ, ಬೆರಳಿಗೆ ಒಸಡೇ ತಗುಲಿದರೆ ಅದು ತಾಯಿ ಹಾಲು ಬಿಡದ ಮರಿ. ತುಟಿ ಎತ್ತಿದಾಗಲೇ ಒಸಡಿನ ಬಣ್ಣವನ್ನೂ ನೋಡಿ. ಗುಲಾಬಿ ಇರಬೇಕು. ಬಿಳಿಚಿದ್ದರೆ ಕೊಕ್ಕೆಹುಳು ರಕ್ತ ಹೀರುತ್ತಿರಬಹುದು.

"ಸೂಜಿ ಆಗೈತಿ" ಎಂಬ ಮಾತನ್ನೂ ಹಾಗೇ ನಂಬಬೇಡಿ. ಕಾರ್ಡಿನಲ್ಲಿ ಲಸಿಕೆ ಸೀಸೆಯ ಸ್ಟಿಕ್ಕರ್, ತಾರೀಖು, ಡಾಕ್ಟರ ಸಹಿ ಮೂರೂ ಇರಬೇಕು. ತಿಂಗಳ ಮರಿಗೆ ಚುಚ್ಚಿಸಿದ ಲಸಿಕೆ ಬಹುಪಾಲು ದಂಡ, ತಾಯಿ ಹಾಲಿನಿಂದ ಬಂದ ರೋಗನಿರೋಧಕವೇ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಿಮ್ಮ ಮನೆಯಲ್ಲಿ ಮೊದಲು ಪಾರ್ವೊ (ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಬಂದು ಮರಿ ಸತ್ತಿದ್ದರೆ ಮಣ್ಣಿನ ಅಂಗಳದಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮನೆಗೆ ಮರಿ ಬೇಡ, ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೇ ತನ್ನಿ.

ನಮ್ಮ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸ್ಕಿ, ಸೇಂಟ್ ಬರ್ನಾರ್ಡ್, ಮೂಗು ಚಪ್ಪಟೆಯ ಪಗ್ ಇಲ್ಲಿ ಏದುಸಿರು ಬಿಡುತ್ತಾ ಬದುಕುತ್ತವೆ. ದಯವಿಟ್ಟು ತರಬೇಡಿ. ಮುಧೋಳ ನಾಯಿಗೆ ಬಿಸಿಲಿನ ಚಿಂತೆ ಕಡಿಮೆ, ಆದರೆ ಅದಕ್ಕೆ ಓಡಲು ಹೊಲ ಬೇಕು. 30–40 ಸೈಟಿನಲ್ಲಿ ಸರಪಳಿ ಹಾಕಿದರೆ ಕೆಡುತ್ತದೆ, ಬಿಟ್ಟರೆ ಪಕ್ಕದವರ ಕೋಳಿ, ಆಡುಮರಿ ಅಟ್ಟುತ್ತದೆ. ಹೊಲ ಇದ್ದವರು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಇಂಥ ತೆಳುಮೈ ನಾಯಿಗೆ ಆಪರೇಷನ್ ಮಾಡಿಸುವಾಗ ತಳಿ ಯಾವುದೆಂದು ಡಾಕ್ಟರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಬೇಗ ಇಳಿಯುವುದಿಲ್ಲ.

ನನ್ನ ಆಯ್ಕೆ ಓಣಿಯ ಹೆಣ್ಣುಮರಿ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಓಣಿಗಳಲ್ಲಿ ಮರಿ ಹೆಚ್ಚು. ಗಂಡುಮರಿ ಯಾರಾದರೂ ಒಯ್ಯುತ್ತಾರೆ, ಹೆಣ್ಣು ಉಳಿದು ಗಾಡಿ ಚಕ್ರಕ್ಕೆ ಸಿಗುತ್ತವೆ. ಎಂಟು ವಾರದವರೆಗೆ ಅಲ್ಲೇ ತಾಯಿಗೆ ರೊಟ್ಟಿ, ಮೊಟ್ಟೆ ಹಾಕುತ್ತೇನೆ. ಮರಿಗಳಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ, ತೂಕ ನೋಡಿ, 15 ದಿನಕ್ಕೊಮ್ಮೆ ಜಂತಿನ ಔಷಧ. ತರುವ ಎರಡು ದಿನ ಮೊದಲು ಒಂದು ಹತ್ತಿಬಟ್ಟೆಯನ್ನು ತಾಯಿ ಮಲಗುವ ಜಾಗದಲ್ಲಿ ಹಾಸಿ, ಅದನ್ನೇ ಮರಿಯ ಜೊತೆ ತರುತ್ತೇನೆ. ಮೊದಲ ರಾತ್ರಿಯ ಅಳು ಕಡಿಮೆಯಾಗುತ್ತದೆ. ದಿನಕ್ಕೆ ನಾಲ್ಕು ಸಲ ಊಟ, ಬರೀ ಎಮ್ಮೆ ಹಾಲು ಬೇಡ, ಭೇದಿಯಾಗುತ್ತದೆ.

ಹಿಂದೆ ಉಳಿದ ತಾಯಿಯ ಕೆಲಸ ಬಾಕಿ ಇರುತ್ತದೆ. ಹಾಲು ಪೂರ್ತಿ ಬತ್ತಿದ ಮೇಲೆ ಅದಕ್ಕೆ ಸಂತಾನಹರಣ ಆಪರೇಷನ್, ಅದೇ ದಿನ ರೇಬೀಸ್ ಲಸಿಕೆ. ಹೊಲಿಗೆ ಮಾಯುವವರೆಗೆ, ಅಂದರೆ ಹತ್ತು ದಿನ, ಒಣ ಜಾಗದಲ್ಲಿ ಕಟ್ಟಿ ನೋಡಿಕೊಂಡು, ಹಿಡಿದ ಓಣಿಯಲ್ಲೇ ಬಿಡುತ್ತೇನೆ.