ಈಜುಕೊಳದ ಬಿಳಿ ಕರೆಗೆ ನಿಂಬೆ ಉಪ್ಪು

ನಮ್ಮ ರಾಯಚೂರಿನ ಬಿಸಿಲಿಗೆ ಗಡಸು ಬೋರ್‌ವೆಲ್ ನೀರು ಆರಿದಂತೆಲ್ಲ ಈಜುಕೊಳದ ಅಂಚಿನ ಟೈಲ್ಸ್ ಮೇಲೆ ಬಿಳಿ ಪಟ್ಟಿ ಕೂರುತ್ತದೆ, ಅಲ್ವಾ? ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಅದು ನೀರಿನ ಸುಣ್ಣ. 1 ಲೀಟರ್ ಬಿಸಿನೀರಿಗೆ 2 ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಹರಳು) ಕರಗಿಸಿ, ಬಟ್ಟೆ ಅದ್ದಿ 10 ನಿಮಿಷ ಅಂಟಿಸಿಡಿ. ಆಮೇಲೆ ನೈಲಾನ್ ಬ್ರಷ್‌ನಿಂದ ಉಜ್ಜಿ.

ಸ್ಟೀಲ್ ಏಣಿಗೆ ಮಾತ್ರ ಬಾತ್‌ರೂಮ್ ಆಸಿಡ್ ಮುಟ್ಟಿಸಲೇಬೇಡಿ. ಕಬ್ಬಿಣದ ತಂತಿ ಬ್ರಷ್ಷೂ ಬೇಡ. ನಾನು ಒಮ್ಮೆ ಅದರಲ್ಲೇ ತಿಕ್ಕಿದ್ದೆ. ವಾರದೊಳಗೆ ಗೀರು ಬಿದ್ದಲ್ಲೆಲ್ಲ ಕಂದು ಚುಕ್ಕಿ ಎದ್ದವು. ಬ್ರಷ್ಷಿನ ಕಬ್ಬಿಣದ ಕಣಗಳು ಅಂಟಿಕೊಂಡು ತುಕ್ಕು ಹಿಡಿದಿತ್ತು. ಮೆತ್ತನೆ ಬಟ್ಟೆ, ಪಾತ್ರೆ ಸೋಪು ಸಾಕು. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ.

ನಿಂಬೆ ಉಪ್ಪಾಗಲಿ ಆಸಿಡ್ಡಾಗಲಿ, ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಎದ್ದು ಉಸಿರು ಕಟ್ಟುತ್ತದೆ.