‘ಸ್ಟಿಲ್’ ಕಲಿಸಲು ‘ಇನ್ನೂ’ ಬಿಟ್ಟೆ: ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕಲಿಸುವವರಿಗೆ ‘ಸ್ಟಿಲ್’ (still, ‘ಇನ್ನೂ’) ಕೊಡುವ ಕಾಟ ಗೊತ್ತೇ ಇದೆ. ಅರ್ಥ ಮೊದಲ ದಿನವೇ ಎಲ್ಲರಿಗೂ ತಿಳಿಯುತ್ತದೆ. ಬಾಯಿ ತೆರೆದರೆ ಮಾತ್ರ ‘ಹಿ ಯೆಟ್ ನಾಟ್ ಕಮ್’, ‘ಸ್ಟಿಲ್ ಟೂ ಪೀಪಲ್ ಆರ್ ಕಮಿಂಗ್’. ನಾನು ಕಂಡುಕೊಂಡ ದಾರಿ ಒಂದೇ. ಕ್ಲಾಸಿನಲ್ಲಿ ‘ಇನ್ನೂ’ ಅನ್ನುವ ಮಾತನ್ನೇ ನಿಲ್ಲಿಸಿದೆ. ಜೊತೆಗೆ ಕಲಿಸುವವರು ಒಪ್ಪಲಿಲ್ಲ. ನಿಘಂಟಿನಲ್ಲೇ ಇರುವ ಅರ್ಥ ಬಿಟ್ಟು ಹೇಗೆ ಕಲಿಸ್ತೀರಿ ಅಂದರು. ಈಗ ಅವರಲ್ಲೇ ಕೆಲವರು ನನ್ನ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ತೊಂದರೆ ಇರುವುದು ‘ಇನ್ನೂ’ದಲ್ಲೇ. ಅದು ಜಾಸ್ತಿ ಕೆಲಸ ಹೊತ್ತಿರುವ ಪದ. ‘ಇನ್ನೂ ಮಲಗಿದ್ದಾನೆ’ ಅಂದರೆ ಸ್ಟಿಲ್. ‘ಇನ್ನೂ ಬಂದಿಲ್ಲ’ ಅಂದರೆ ಯೆಟ್ ಆಗಬಹುದು, ಸ್ಟಿಲ್ ಕೂಡ ಆಗಬಹುದು. ‘ಇನ್ನೂ ಇಬ್ಬರು’ ಅಂದರೆ ಮೋರ್. ‘ಇನ್ನೂ ಚೆನ್ನಾಗಿದೆ’ ಅಂದರೆ ಈವನ್ ಬೆಟರ್. ಇಷ್ಟನ್ನೂ ಒಂದೇ ಪದದಿಂದ ಕಲಿತವರು ಮಾತಿನ ಭರದಲ್ಲಿ ಸರಿಯಾದದ್ದನ್ನು ಆರಿಸುವುದಾದರೂ ಹೇಗೆ?

ಮೊದಲು ಬಣ್ಣದ ಕಾರ್ಡು ಅಚ್ಚು ಹಾಕಿಸಿದೆ. ಹೆಚ್ಚುಕಡಿಮೆ ಒಂದು ಬ್ಯಾಚಿನ ಫೀಸಿನ ಕಾಲು ಭಾಗ ಅದಕ್ಕೇ ಹೋಯಿತು. ಮೇಜಿನ ಮೇಲೆ ಕಾರ್ಡು ಸರಿಯಾಗಿ ಜೋಡಿಸಿದವರೇ ಎದ್ದು ನಿಂತು ತಪ್ಪು ಹೇಳಿದರು. ಆಮೇಲೆ ದುಡ್ಡು ಕೊಟ್ಟು ಒಂದು ಆಡಿಯೋ ಕೋರ್ಸ್ ತಂದೆ. ಸುಮಾರು ಒಂದು ತಿಂಗಳ ಸಂಪಾದನೆ ಅದು. ಅದರಲ್ಲಿ ಬರೀ ‘ಶಿ ಈಸ್ ಸ್ಟಿಲ್ ಹಿಯರ್’ ಥರದ ವಾಕ್ಯಗಳು. ‘ಇಲ್ಲ’ ಬರುವ ವಾಕ್ಯ ಹುಡುಕಿದರೂ ಸಿಗಲಿಲ್ಲ. ತಪ್ಪೆಲ್ಲ ಆಗುವುದು ಅಲ್ಲೇ ಅಲ್ವಾ? ಆ ಬ್ಯಾಚಿನಲ್ಲಿ ಕೆಲವರಿಗೆ ಫೀಸು ವಾಪಸ್ ಕೊಡಬೇಕಾಯಿತು.

ಕೊನೆಗೆ ಕೈಹಿಡಿದದ್ದು ‘ಈಗಲೂ’. ‘ಇನ್ನೂ’ ತೆಗೆದು ‘ಈಗಲೂ’ ಹಾಕಿ ನೋಡಿ. ಅರ್ಥ ನಿಂತರೆ ಸ್ಟಿಲ್. ‘ಈಗಲೂ ಮಲಗಿದ್ದಾನೆ’ ನಿಲ್ಲುತ್ತದೆ. ‘ಈಗಲೂ ಇಬ್ಬರು ಬರುತ್ತಾರೆ’ ಅಂದರೆ ಮಾತೇ ಬೇರೆ ಆಯಿತು, ಅಲ್ಲಿ ಸ್ಟಿಲ್ ಬೇಡ. ಹಿಂದಿನ ಕಥೆ ಹೇಳುವಾಗ ‘ಆಗಲೂ’ ಹಾಕಬೇಕು: ನಾನು ಹೋದಾಗ ಆಗಲೂ ಮಲಗಿದ್ದ, ‘ಹಿ ವಾಸ್ ಸ್ಟಿಲ್ ಅಸ್ಲೀಪ್’. ‘ಬಂದಿಲ್ಲ’ಕ್ಕೆ ಬಂದರೆ ಎರಡೂ ಸರಿ, ಆದರೆ ದನಿ ಬೇರೆ. ‘ಹಿ ಹ್ಯಾಸಂಟ್ ಕಮ್ ಯೆಟ್’ ಅಂದರೆ ಸುಮ್ನೆ ಸುದ್ದಿ. ‘ಹಿ ಸ್ಟಿಲ್ ಹ್ಯಾಸಂಟ್ ಕಮ್’ ಅಂದರೆ ಕಾದು ಕಾದು ಸಾಕಾಗಿದೆ.

ಇನ್ನು ವಾಕ್ಯದಲ್ಲಿ ಸ್ಟಿಲ್ ಕೂರುವ ಜಾಗ. ‘ಐ ಸ್ಟಿಲ್ ಲಿವ್’, ‘ಐ ಆ್ಯಮ್ ಸ್ಟಿಲ್’, ‘ಐ ಕ್ಯಾನ್ ಸ್ಟಿಲ್’ ಬೇಗ ಹತ್ತುತ್ತವೆ. ಒದ್ದಾಟವೆಲ್ಲ ‘ಡೋಂಟ್’ ಬಂದಾಗ. ‘ಐ ಡೋಂಟ್ ಸ್ಟಿಲ್ ಅಂಡರ್‌ಸ್ಟ್ಯಾಂಡ್’ ಅನ್ನುವವರೇ ಜಾಸ್ತಿ. ಇಂಥ ವಾಕ್ಯದಲ್ಲಿ ಸ್ಟಿಲ್ ಡೋಂಟ್, ಕಾಂಟ್, ಹ್ಯಾಸಂಟ್‌ಗಿಂತ ಮೊದಲು. ಯೆಟ್ ಸಾಮಾನ್ಯವಾಗಿ ವಾಕ್ಯದ ಕೊನೆಗೆ. ವಾಕ್ಯದ ತಲೆಯಲ್ಲೇ ಸ್ಟಿಲ್ ಇಟ್ಟರೆ ಕೇಳುವವರಿಗೆ ‘ಆದರೂ’ ಅನ್ನಿಸಿಬಿಡುತ್ತದೆ. ಇದನ್ನು ಬಾಯಿಗೆ ಕೂರಿಸಲು ನಾನು ಮಾಡಿಸುವ ಒಂದು ಆಟ ಇದೆ. ಅದು ನನ್ನ ಕ್ಲಾಸಿನ ಬಂಡವಾಳ, ಇಲ್ಲಿ ಬಿಚ್ಚಿಡುವುದಿಲ್ಲ.

ಮೊದಲು ಮೂವತ್ತರ ಬ್ಯಾಚಿನಲ್ಲಿ ಆರೇಳು ಮಂದಿ ಸರಿಯಾಗಿ ಹೇಳಿದರೆ ಹೆಚ್ಚು. ಈಗ ಎರಡನೇ ವಾರಕ್ಕೇ ಇಪ್ಪತ್ತು ದಾಟುತ್ತದೆ. ಇಷ್ಟು ಬೇಗ ಈ ಮಟ್ಟಕ್ಕೆ ತಂದವರನ್ನು ನಾನಂತೂ ನೋಡಿಲ್ಲ.

ನಡುವೆ ‘ಕಂಟಿನ್ಯುಅಸ್ಲಿ’, ‘ಕಂಟಿನ್ಯುಅಲಿ’ ಕೂಡ ಸೇರಿಸಿ ನೋಡಿದೆ. ಮೊದಲನೆಯದು ಎಡೆಬಿಡದೆ, ಎರಡನೆಯದು ಮತ್ತೆ ಮತ್ತೆ. ಬರೆಯುವವರಿಗೆ ಬೇಕು, ಮಾತಿಗೆ ಅಷ್ಟೇನೂ ಬೇಡ. ಕೈಬಿಟ್ಟೆ. ‘ಎನಿಮೋರ್’ ಮಾತ್ರ ಉಳಿಸಿಕೊಂಡೆ. ಸ್ಟಿಲ್ ಮುಗಿದ ಕಡೆ ಅದು ಬರುತ್ತದೆ: ‘ಡು ಯು ಸ್ಟಿಲ್ ವರ್ಕ್ ದೇರ್?’ ಅಂದರೆ ‘ನಾಟ್ ಎನಿಮೋರ್’. ಈ ಜೋಡಿ ಪ್ರಶ್ನೆ-ಉತ್ತರದಿಂದ ಸ್ಟಿಲ್ ಕೂಡ ಗಟ್ಟಿಯಾಯಿತು.

ಈಗ ‘ಆಲ್ರೆಡಿ’ಯ ಸರದಿ. ನಮ್ಮ ‘ಆಗಲೇ ಬಂದ’ ಅನ್ನುವುದಕ್ಕೂ ಎರಡು ಮುಖ: ಬಂದಾಯಿತು, ಇಲ್ಲವೇ ಆ ಗಳಿಗೆಯಲ್ಲೇ ಬಂದ. ಅದಕ್ಕೆ ‘ಅಷ್ಟರೊಳಗೆ’ ಹಾಕಿ ನೋಡುತ್ತಿದ್ದೇನೆ. ಅರ್ಧ ವಾಕ್ಯಗಳಿಗೆ ಹೊಂದಿದೆ, ಉಳಿದದ್ದಕ್ಕೆ ಬೇರೆ ಪದ ಬೇಕು.